ಎಡಗಡೆ ಸೀಟಿನ ಅತ್ತೆ

ಹೆಬ್ಬಾಳದ ಟ್ರಾಫಿಕ್ ಜಾಮಿಗೆ ಕಾರಣವೇನು ಎಂದು ದೊಡ್ಡ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ಮೇಲ್ಸೇತುವೆಯನ್ನು ಬೈಯುವವರು ಕೆಲವರು, ವಿಮಾನ ನಿಲ್ದಾಣವನ್ನು ಬೈಯುವವರು ಕೆಲವರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ನಾನೇ ಹೇಳಿಬಿಡುತ್ತೇನೆ. ಕಾರಣ ನಮ್ಮ ಅತ್ತೆ!

ನಗಬೇಡಿ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ, ಆರ್.ಟಿ. ನಗರದಲ್ಲಿ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಯಲಹಂಕದಿಂದ ಯಶವಂತಪುರದವರೆಗೆ ಇವತ್ತು ಸ್ಟೇರಿಂಗ್ ಹಿಡಿದಿರುವವರಲ್ಲಿ ಅರ್ಧ ಜನ ತಮ್ಮ ಶಿಷ್ಯರೇ ಎಂದು ಅವರೇ ಹೇಳುತ್ತಾರೆ. ಅವರು ಹೇಳಿಕೊಡುತ್ತಿದ್ದ ಮೊದಲನೆಯ ಪಾಠ ಬ್ರೇಕು. ಎರಡನೆಯ ಪಾಠವೂ ಬ್ರೇಕು. ಆಕ್ಸಿಲರೇಟರ್ ಯಾವುದೆಂದು ಕೇಳಿದವರಿಗೆ, "ಅದಕ್ಕೇನ್ ಅವಸರ? ಓಡೋದು ಎಮ್ಮೆಗೂ ಬರುತ್ತೆ. ನಿಲ್ಲೋದು ಮನುಷ್ಯರಿಗೆ ಮಾತ್ರ ಬರೋದು" ಎಂಬ ಉತ್ತರ ಸಿಗುತ್ತಿತ್ತು. ಈಗ ನೀವೇ ಹೇಳಿ, ಇಂಥ ಗುರುವಿನ ಸಾವಿರಾರು ಶಿಷ್ಯರು ಬೆಳಿಗ್ಗೆ ಒಂಬತ್ತಕ್ಕೆ ಒಟ್ಟಿಗೆ ಹೆಬ್ಬಾಳಕ್ಕೆ ಬಂದರೆ ಇನ್ನೇನಾಗುತ್ತದೆ?

ಅವರ ಕಾರು ಒಂದು ಹಳೆಯ ಬಿಳಿ ಕಾರು. ಡ್ರೈವಿಂಗ್ ಸ್ಕೂಲಿನ ಕಾರಾದ್ದರಿಂದ ಎಡಗಡೆ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು, ತಂತಿಯಿಂದ ಬಲಗಡೆಯವಕ್ಕೆ ಜೋಡಿಸಿದವು. ಬಲಗಡೆ ಕಲಿಯುವವರು ಸ್ಟೇರಿಂಗ್ ಹಿಡಿದು ಬೆವರುತ್ತಿದ್ದರೆ ಎಡಗಡೆ ಅತ್ತೆ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿ, ಬಲಗಾಲನ್ನು ಬ್ರೇಕಿನ ಮೇಲಿಟ್ಟು, ಒಂದೇ ಮಾತು ಹೇಳುತ್ತಿದ್ದರು: "ಓಡ್ಸಿ, ಬ್ರೇಕ್ ನನ್ ಹತ್ರ ಇದೆ." ಆ ಮಾತು ಕೇಳಿದರೆ ನಡುಗುವ ಕೈ ನಿಲ್ಲುತ್ತಿತ್ತು. ಬ್ಯಾಂಕ್ ಮ್ಯಾನೇಜರು, ಬಾಣಂತನ ಮುಗಿಸಿ ಬಂದವರು, ಅರವತ್ತು ದಾಟಿದ ಅಜ್ಜಂದಿರು, ಎಲ್ಲರೂ ಆ ಒಂದು ಮಾತಿನ ಮೇಲೆ ಗೇರ್ ಹಾಕಿದವರೇ.

ಆದರೆ ಮೂವತ್ತು ವರ್ಷ ಬ್ರೇಕ್ ಒತ್ತಿದ ಕಾಲು ಸುಮ್ಮನಿರುತ್ತದೆಯೇ? ಬಸ್ಸಿನಲ್ಲಿ ಕೂತರೂ ಒತ್ತುತ್ತದೆ, ಆಟೋದಲ್ಲಿ ಕೂತರೂ ಒತ್ತುತ್ತದೆ. ಒಮ್ಮೆ ಆಟೋದವನೊಬ್ಬ ತಿರುಗಿ ನೋಡಿ, "ಅಮ್ಮಾ, ಹಂಗ್ ಒದೀಬೇಡಿ, ತಗಡು ಅದು, ಕಾಲು ರೋಡಿಗೇ ಇಳ್ದುಬಿಡುತ್ತೆ" ಎಂದ. "ನೀನ್ ಸರಿಯಾಗಿ ಹಾಕಿದ್ರೆ ನಾನ್ಯಾಕಪ್ಪ ಹಾಕ್ಲಿ?" ಎಂದರು ಅತ್ತೆ. ಟಿ.ವಿ. ಧಾರಾವಾಹಿಯಲ್ಲಿ ಸೊಸೆ ಕೋಪದಿಂದ ದಡದಡ ಮೆಟ್ಟಿಲಿಳಿದರೆ ನಮ್ಮ ಟೀಪಾಯಿಗೆ ಒಂದು ಒದೆ. ನನ್ನ ಮದುವೆಯ ಮೊದಲ ಮಾತುಕತೆಯಲ್ಲಿ ಹೆಣ್ಣಿನ ತಂದೆ ಸ್ವಲ್ಪ ವೇಗವಾಗಿ ಮುಂದುವರಿದು ಛತ್ರದ ಹೆಸರು ಹೇಳುವಷ್ಟರಲ್ಲಿ ಅತ್ತೆಯ ಪಾದ ನೆಲಕ್ಕೆ ಟಪ್ಪೆಂದು ಬಿತ್ತು. ಅವರು ಬೆಚ್ಚಿ ಮಾತು ನಿಲ್ಲಿಸಿದರು. ಆ ಸಂಬಂಧವೂ ಅಲ್ಲಿಗೇ ನಿಂತಿತು!

ನಾನೂ ಅತ್ತೆಯ ಶಿಷ್ಯನೇ. ಹದಿನೆಂಟು ವರ್ಷದ ಹಿಂದೆ, ಎಂ.ಎ. ಓದುತ್ತಿದ್ದಾಗ. ಒಂಬತ್ತನೆಯ ಕ್ಲಾಸಿನ ದಿನ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಒಂದು ನೀರಿನ ಟ್ಯಾಂಕರ್ ಅಡ್ಡ ನುಗ್ಗಿತು. ನನಗೆ ಕಣ್ಣು ಕತ್ತಲಿಟ್ಟಿತು. ಕಣ್ಣು ಬಿಟ್ಟಾಗ ಟ್ಯಾಂಕರಿಗೂ ನಮಗೂ ಒಂದು ಗೇಣು ಅಂತರ. ಅತ್ತೆ ಬ್ರೇಕ್ ಹಾಕಿ ಇಬ್ಬರ ಜೀವವನ್ನೂ ಉಳಿಸಿದ್ದರು. ನೆನಪಿನಲ್ಲಿ ಆ ಟ್ಯಾಂಕರ್ ಹಳದಿ. ಅವತ್ತಿನ ಡೈರಿ ತೆಗೆದರೆ 'ನೀಲಿ ಟ್ಯಾಂಕರ್' ಎಂದು ನನ್ನದೇ ಅಕ್ಷರ. ನೆನಪಿನ ಮೇಲೆ ನಂಬಿಕೆಯಿಲ್ಲವೆಂದೇ ನಾನು ಡೈರಿ ಬರೆಯುವುದು. ಡೈರಿಯನ್ನೂ ಪೂರ್ತಿ ನಂಬುವುದಿಲ್ಲ, ಬರೆಯುವವನು ನಾನೇ ತಾನೆ! ಬಣ್ಣ ಏನೇ ಇರಲಿ, ಅದು ಒಂಬತ್ತನೆಯ ಕ್ಲಾಸು ಎನ್ನುವುದರಲ್ಲೂ ಬ್ರೇಕ್ ಹಾಕಿದ್ದು ಅತ್ತೆ ಎನ್ನುವುದರಲ್ಲೂ ನೆನಪಿಗೂ ಡೈರಿಗೂ ಜಗಳವಿರಲಿಲ್ಲ. ಲೈಸೆನ್ಸ್ ಏನೋ ಸಿಕ್ಕಿತು. ಪರೀಕ್ಷೆಯ ಮೈದಾನದಲ್ಲಿ ಎಂಟು ಹಾಕುವಾಗ ಟ್ಯಾಂಕರ್ ಬರುವುದಿಲ್ಲವಲ್ಲ! ಆದರೆ ಅಲ್ಲಿಂದೀಚೆಗೆ ನಾನು ಸ್ಟೇರಿಂಗ್ ಮುಟ್ಟಿಲ್ಲ. ಬ್ರೇಕ್ ಇನ್ನೊಬ್ಬರ ಹತ್ತಿರ ಇದ್ದದ್ದರಿಂದ ಬದುಕಿದವನು ಒಬ್ಬನೇ ಹೇಗೆ ರಸ್ತೆಗಿಳಿಯಲಿ?

ಎರಡು ವರ್ಷದ ಹಿಂದೆ ಸ್ಕೂಲಿದ್ದ ಕಟ್ಟಡವನ್ನು ಮಾಲೀಕರು ಕೆಡವಲು ಹೊರಟರು. ಅತ್ತೆಗೂ ಅರವತ್ತನಾಲ್ಕಾಗಿತ್ತು. ಸರಿ, ಸ್ಕೂಲ್ ಮುಚ್ಚಿತು. ಬೋರ್ಡು ಮನೆಯ ತಾರಸಿಗೆ ಬಂತು. ಕಾರಿನ ನೆತ್ತಿಯ ಮೇಲಿದ್ದ ದೊಡ್ಡ 'ಎಲ್' ಇಳಿಯಿತು, ಹಳದಿ ನಂಬರ್ ಪ್ಲೇಟು ಹೋಗಿ ಸ್ವಂತ ಕಾರಿನ ಬಿಳಿ ಪ್ಲೇಟು ಬಂತು. ಕಾರು ಮನೆ ಮುಂದೆ ನಿಂತಿತು. ಅತ್ತೆ ಮಾತ್ರ ನಿಲ್ಲಲಿಲ್ಲ!

ಜಗತ್ತಿಗೆಲ್ಲ ನಿಲ್ಲುವುದನ್ನು ಕಲಿಸಿದವರಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಅಲಮಾರಿ ಜೋಡಿಸಿದರು. ಮೂರು ಸಲವೂ ಬೇರೆ ಬೇರೆ ಥರ. ಬಾಲ್ಕನಿಯಲ್ಲಿ ನಿಂತು, ಕೆಳಗೆ ಗಾಡಿ ನಿಲ್ಲಿಸುವ ಅಪರಿಚಿತರಿಗೆಲ್ಲ "ಫುಲ್ ಕಟ್ ಮಾಡಿ! ಸ್ಟ್ರೇಟ್ ಮಾಡಿ! ಸಾಕು, ನಿಲ್ಸಿ!" ಎಂದು ಆಕಾಶವಾಣಿ ಕೊಟ್ಟರು. ಅತ್ತೆಯ ಬೀದಿಯಲ್ಲಿ ಪಾರ್ಕಿಂಗ್ ಅಷ್ಟು ಅಚ್ಚುಕಟ್ಟಾಗಿದ್ದದ್ದು ಆ ಆರು ತಿಂಗಳು ಮಾತ್ರ.

ಹೀಗಿರುವಾಗ ಒಂದು ಬುಧವಾರ ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಮೂವರು ಹೆಂಗಸರು ಸೇರಿ ಅಮೆರಿಕಕ್ಕೆ ಹೋಗುವುದೆಂದು ತೀರ್ಮಾನಿಸಿದರು. ಮೂವರೆಂದರೆ ಅತ್ತೆ ಮತ್ತು ಅವರ ಇಬ್ಬರು ಹಳೆಯ ಶಿಷ್ಯೆಯರು. ಒಬ್ಬರು ನೂರ್ ಟೀಚರ್, ಎರಡು ಬೀದಿ ಆಚೆಯವರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಇನ್ನೊಬ್ಬರು ಕೋಗಿಲು ಜಯಮ್ಮನವರು. ಅವರ ಮನೆಯವರು ಹಿಂದೆ ದ್ರಾಕ್ಷಿ ಬೆಳೆಯುತ್ತಿದ್ದರು, ಈಗ ಲೇಔಟು ಬೆಳೆಯುತ್ತಾರೆ. ಇಬ್ಬರೂ ಇವತ್ತಿಗೂ ಅತ್ತೆಯನ್ನು ಕರೆಯುವುದು ಮೇಡಮ್ ಎಂದೇ.

ಅಮೆರಿಕವೇ ಏಕೆ ಎಂದು ನಾನು ಕೇಳಿದೆ. ನೂರ್ ಟೀಚರ್ ಕನ್ನಡಕ ಸರಿಮಾಡಿಕೊಂಡರು. "ನೋಡಪ್ಪಾ, ಹೊಂದಿಸಿ ಬರೆಯಿರಿ ಅಂತ ಮೂವತ್ತು ವರ್ಷ ಕೊಟ್ಟಿದೀನಿ. ಪಿಟ್ಸ್‌ಬರ್ಗ್, ಉಕ್ಕು. ಡೆಟ್ರಾಯಿಟ್, ಮೋಟಾರು. ಚಿಕಾಗೋ, ಮಾಂಸ ಸಂಸ್ಕರಣೆ. ತಪ್ಪು ಬರೆದೋರಿಗೆ ಮಾರ್ಕ್ಸ್ ಕಟ್ ಮಾಡಿದೀನಿ. ಸರಿ ಉತ್ತರ ಸರೀನೇನಾ ಅಂತ ನಾನೇ ಒಂದ್ಸಲನೂ ನೋಡಿಲ್ವಲ್ಲ!"

ಜಯಮ್ಮನವರ ಕಾರಣ ಬೇರೆ. ಅವರು ಯಾವ ಎತ್ತರದ ಕಟ್ಟಡ ಕಂಡರೂ ಮೇಲೆ ನೋಡುವುದಿಲ್ಲ, ಕೆಳಗೆ ನೋಡುತ್ತಾರೆ. "ಅಲ್ಲಿ ನೂರಂತಸ್ತು ಕಟ್ಟವ್ರಂತೆ. ಅದ್ಕೂ ಮುಂಚೆ ಅದು ಯಾರ ಒಲ ಆಗಿತ್ತು, ಏನ್ ಬೆಳೀತಿದ್ರು, ಒಬ್ರನ್ನಾನ ಕೇಳ್ಬೇಕು ಅಂತ ಐತೆ ನಂಗೆ. ಚಿಕಾಗೋಗ್ ಓದ್ರೆ ಊಟದ ಯೋಚ್ನೆನೂ ಇಲ್ವಲ್ಲ, ಟೀಚರ್ರೇ ಏಳವ್ರೆ."

"ನೀವು ಅತ್ತೆ?"

"ರಸ್ತೆ," ಎಂದರು ಅತ್ತೆ. "ಸಿಗ್ನಲ್ ಇಲ್ದೆ ಒಂದು ಗಂಟೆ ಓಡ್ಸೋ ರಸ್ತೆ."

ನ್ಯೂಯಾರ್ಕಿನಲ್ಲಿ ಇಳಿಯುವುದು, ಬಾಡಿಗೆ ಕಾರು ಹಿಡಿಯುವುದು, ಪಿಟ್ಸ್‌ಬರ್ಗ್, ಡೆಟ್ರಾಯಿಟ್ ದಾಟಿ ಚಿಕಾಗೋ ಮುಟ್ಟುವುದು. ಇಂಗ್ಲಿಷಿನ ಫಾರಮ್ ತುಂಬಲು, ಫೋನಿನಲ್ಲಿ ದಾರಿ ನೋಡಲು ನಾನು. ಓಡಿಸುವವರು ಅತ್ತೆ. ಈ ಕೊನೆಯ ಮಾತಿನ ಮೇಲೆಯೇ ಉಳಿದದ್ದೆಲ್ಲ ನಿಂತಿತ್ತು. ಜಯಮ್ಮನವರಿಗೆ ಲೈಸೆನ್ಸ್ ಇದೆ, ಆದರೆ ಅದಕ್ಕಿಂತ ಮುಂಚೆಯೇ ಡ್ರೈವರ್ ಇದ್ದಾನೆ. ನೂರ್ ಟೀಚರ್ ಓಡಿಸುತ್ತಾರೆ, ಆದರೆ ಇಪ್ಪತ್ತರ ವೇಗ ದಾಟಿದರೆ ಅವರಿಗೆ ತಲೆ ಸುತ್ತುತ್ತದೆ. ಅತ್ತೆಯ ಕೈಯಲ್ಲಿ ಸ್ಟೇರಿಂಗ್ ಇದೆ ಎನ್ನುವ ಒಂದೇ ಧೈರ್ಯದ ಮೇಲೆ ಇಬ್ಬರೂ ಮನೆಯಲ್ಲಿ ಜಗಳವಾಡಿ ಒಪ್ಪಿಸಿದ್ದರು. "ಮೇಡಮ್ಮೋರು ಜತೇಗವ್ರಲ್ಲ!" ಎನ್ನುವುದು ಜಯಮ್ಮನವರ ಕೊನೆಯ ಅಸ್ತ್ರ.

ತಯಾರಿ ಶುರುವಾಯಿತು. ಅದನ್ನು ತಯಾರಿ ಎನ್ನಬಹುದೇ ಎನ್ನುವುದು ನನ್ನ ಅನುಮಾನ. ಸೋಮವಾರ ಮಾಡಿದ ಯೋಜನೆ ಮಂಗಳವಾರ ಇರುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಫೋನ್: "ಲೋ, ಪಿಟ್ಸ್‌ಬರ್ಗ್ ಮೊದ್ಲೋ ಡೆಟ್ರಾಯಿಟ್ ಮೊದ್ಲೋ?" ಆರೂಕಾಲಕ್ಕೆ ಮತ್ತೆ: "ವಾಷಿಂಗ್ಟನ್ ಬಿಟ್ಟೇ ಬಿಟ್ವಲ್ಲೋ, ಅಲ್ಲಿನ ಅಧ್ಯಕ್ಷರು ಏನಂದ್ಕೋತಾರೆ?" ನನ್ನ ಡೈರಿಯ ಪ್ರಕಾರ ಆ ಮಾರ್ಗ ಹದಿನೇಳು ಸಲ ಬದಲಾಗಿದೆ. ನೆನಪಿನ ಪ್ರಕಾರ ನಲವತ್ತು ಸಲ. ಈ ಒಂದು ವಿಷಯದಲ್ಲಿ ನಾನು ನೆನಪನ್ನೇ ನಂಬುತ್ತೇನೆ.

ಅಮೆರಿಕದಲ್ಲಿ ರಸ್ತೆಯ ಬಲಗಡೆ ಓಡಿಸಬೇಕಲ್ಲ, ಅಭ್ಯಾಸಕ್ಕೆ ಅತ್ತೆ ಎಲ್ಲ ಕಡೆಯೂ ಬಲಗಡೆಗೇ ನಡೆಯತೊಡಗಿದರು. ಮೆಟ್ಟಿಲಲ್ಲಿ ಎದುರು ಬಂದವರಿಗೆ ಡಿಕ್ಕಿ, ತರಕಾರಿ ಮಾರುಕಟ್ಟೆಯಲ್ಲಿ ಡಿಕ್ಕಿ. ದೇವಸ್ಥಾನದಲ್ಲಿ ಪ್ರದಕ್ಷಿಣೆಯನ್ನು ಮಾತ್ರ ಬದಲಿಸಲಿಲ್ಲ. "ಅಮೆರಿಕಕ್ಕೋಸ್ಕರ ದೇವರ ಹತ್ರ ರಾಂಗ್ ಸೈಡ್ ಹೋಗೋಕಾಗುತ್ತಾ?"

ಅಲ್ಲಿನ ಹೆದ್ದಾರಿಗಳು ಒಂದನ್ನೊಂದು ದಾಟುವ ಕಡೆ ನಾಲ್ಕು ಸುರುಳಿಗಳಿರುತ್ತವೆ, ಒಂದು ತಪ್ಪಿದರೆ ಊರೇ ತಪ್ಪುತ್ತದೆ ಎಂದು ಟೀಚರ್ ಓದಿದ್ದರು. ಸರಿ, ಅತ್ತೆಯ ತಾರಸಿಯ ಮೇಲೆ ಅದನ್ನು ಬರೆದು ಕಲಿಯುವುದೆಂದಾಯಿತು. ಬರೆಯುವ ಕೈ ಜಯಮ್ಮನವರದು. ರಂಗೋಲಿ ಪುಡಿ ಹಿಡಿದು ಒಂದೇ ಎಳೆಯಲ್ಲಿ ನಾಲ್ಕು ಸುರುಳಿ ಎಳೆದುಬಿಟ್ಟರು.

"ಚೆನ್ನಾಗಿದೆ. ನಡುವೆ ಯಾಕ್ರೀ ಕಮಲ?" ಎಂದರು ಅತ್ತೆ.

"ಬಣಬಣ ಅನ್ತಿತ್ತು ಮೇಡಮ್ಮೋರೆ, ಅದ್ಕೆ ಆಕ್ದೆ."

ಆಮೇಲೆ ಮೂವರೂ ಒಂದೊಂದು ಸ್ಟೀಲ್ ತಟ್ಟೆಯನ್ನು ಸ್ಟೇರಿಂಗಿನಂತೆ ಎದೆಯ ಮುಂದೆ ಹಿಡಿದು, ಎಳೆಯ ಮೇಲೆ ಬಲಕ್ಕೆ ಬಲಕ್ಕೆ ಎನ್ನುತ್ತ ಸುತ್ತತೊಡಗಿದರು. ನಾನು ಮಧ್ಯದ ಕಮಲದಲ್ಲಿ ನಿಂತು ಯಾವ ಊರಿಗೆ ಯಾವ ಸುರುಳಿ ಎಂದು ಕೂಗಬೇಕು. ಬಟ್ಟೆ ಒಣಗಿಸಲು ಬಂದ ಕೆಳಗಿನ ಮನೆಯ ಸೊಸೆ ಈ ದೃಶ್ಯ ಕಂಡು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದಳು. "ಆಂಟಿ, ಇವತ್ತು ಯಾವ ವ್ರತ?"

"ಚಿಕಾಗೋ ವ್ರತ!" ಎಂದರು ನೂರ್ ಟೀಚರ್, ತಟ್ಟೆ ತಿರುಗಿಸುತ್ತಲೇ.

ವೀಸಾ ಸಂದರ್ಶನವೂ ಮುಗಿಯಿತು, ನಾಲ್ವರಿಗೂ ಸಿಕ್ಕಿತು. ನಿಮ್ಮ ಉದ್ಯೋಗವೇನಿತ್ತು ಎಂದು ಕೇಳಿದ ಅಧಿಕಾರಿಗೆ "ಜನಕ್ಕೆ ನಿಲ್ಲೋದು ಹೇಳ್ಕೊಡ್ತಿದ್ದೆ" ಎಂದೆ ಎಂದು ಅತ್ತೆ ಹೇಳುತ್ತಾರೆ. ಪಕ್ಕದ ಸಾಲಿನಲ್ಲಿದ್ದ ಟೀಚರ್ ಪ್ರಕಾರ ಅತ್ತೆ ಏನೂ ಹೇಳಲಿಲ್ಲ, ಸಾಲು ಮುಂದೆ ಸರಿದಾಗ ನೆಲಕ್ಕೆ ಒಂದು ಸಲ ಟಪ್ಪೆಂದು ಒದ್ದರು, ಅಷ್ಟೇ. ನಾನು ಎರಡನ್ನೂ ಬರೆದಿಟ್ಟಿದ್ದೇನೆ.

ಅಲ್ಲಿಯವರೆಗೂ ಎಲ್ಲ ಸರಿಯಾಗಿತ್ತು. ಅಲ್ಲಿನ ಬಾಡಿಗೆ ಕಾರಿಗೆ ಕ್ಲಚ್ ಇರುವುದಿಲ್ಲ ಎಂದು ಒಂದು ದಿನ ನಾನು ಹೇಳಿದೆ. ಅತ್ತೆಗೆ ಅವಮಾನವಾಯಿತು. "ಕ್ಲಚ್ಚೇ ಇಲ್ವಾ? ಹಂಗಾದ್ರೆ ಅದು ಕಾರಲ್ಲ, ಲಿಫ್ಟು!"

"ಸ್ಟೇರಿಂಗೂ ಎಡಗಡೆ ಇರುತ್ತೆ ಅತ್ತೆ. ಅಭ್ಯಾಸ ಆಗೋದು ಕಷ್ಟ ಅಲ್ವಾ?"

"ನನಗಾ? ಅಮೆರಿಕದೋರ ಡ್ರೈವರ್ ಸೀಟಲ್ಲಿ ಮೂವತ್ತು ವರ್ಷದಿಂದ ಕೂತಿದೀನಿ ಕಣೋ. ಎಡಗಡೆ ಸೀಟು ನಂದೇ. ಸ್ಟೇರಿಂಗ್ ಒಂದು ಇರ್ಲಿಲ್ಲ, ಅವ್ರು ಕೊಡ್ತಾರೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ಒಂದು ಅನುಮಾನ ಹುಳದ ಹಾಗೆ ಹೊಕ್ಕಿತು. ಮೂವತ್ತು ವರ್ಷ ಎಡಗಡೆ. ಹಾಗಾದರೆ ಬಲಗಡೆ? ಅತ್ತೆ ಸ್ಟೇರಿಂಗ್ ಹಿಡಿದದ್ದನ್ನು ನಾನು ನೋಡಿದ್ದೇನೆಯೇ?

ಕಣ್ಣು ಮುಚ್ಚಿದರೆ ಅತ್ತೆ ಠೀವಿಯಿಂದ ಕಾರು ಓಡಿಸುವ ಚಿತ್ರ ಬರುತ್ತದೆ. ಅದು ನೆನಪೋ, ಅವರ ಗತ್ತು ನೋಡಿ ನಾನೇ ಬರೆದುಕೊಂಡ ಚಿತ್ರವೋ? ಮನೆಗೆ ಬಂದು ಹಳೆಯ ಡೈರಿಗಳನ್ನೆಲ್ಲ ಹರವಿಕೊಂಡು ಕೂತೆ. ಅಕ್ಕನ ಮದುವೆಗೆ ಅತ್ತೆ ಬಂದದ್ದು ಕಾರಿನಲ್ಲಿ, ಆದರೆ ಓಡಿಸಿದ್ದು ಕಲಿಯುತ್ತಿದ್ದ ಒಬ್ಬ ದಂತವೈದ್ಯ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದು ಕಾರಿನಲ್ಲಿ, ಓಡಿಸಿದ್ದು ಪರೀಕ್ಷೆಗೆ ಎರಡು ದಿನ ಉಳಿದಿದ್ದ ಒಬ್ಬ ಪುರೋಹಿತರು. ದಿನದ ಮೊದಲ ಕ್ಲಾಸು ಅತ್ತೆಯ ಬಾಗಿಲಲ್ಲಿ ಶುರು, ಕೊನೆಯ ಕ್ಲಾಸು ಅತ್ತೆಯ ಬಾಗಿಲಲ್ಲಿ ಮುಕ್ತಾಯ! ಸ್ಕೂಲ್ ಮುಚ್ಚಿದ ಮೇಲೆ ವಾರಕ್ಕೊಮ್ಮೆ ನೂರ್ ಟೀಚರ್ ಬಂದು, "ಬ್ಯಾಟರಿ ಸಾಯಬಾರ್ದಲ್ಲ" ಎಂದು ಒಂದು ಸುತ್ತು ಹಾಕುತ್ತಿದ್ದರು. ಎಡಗಡೆ ಯಾರು ಕೂರುತ್ತಿದ್ದರೆಂದು ಬೇರೆ ಹೇಳಬೇಕೇ? ಇಪ್ಪತ್ತು ವರ್ಷದ ಡೈರಿಯಲ್ಲಿ ಅತ್ತೆ ಬಲಗಡೆ ಕೂತ ಒಂದು ಸಾಲೂ ಇರಲಿಲ್ಲ.

ಆ ಶುಕ್ರವಾರ ಬಾಡಿಗೆ ಕಾರು ಕಾದಿರಿಸಲು ನಾನು ಲ್ಯಾಪ್‌ಟಾಪ್ ಹಿಡಿದು ಅತ್ತೆಯ ಊಟದ ಮೇಜಿನ ಮುಂದೆ ಕೂತೆ. ಮೊದಲ ಖಾನೆಯೇ ಡ್ರೈವರ್ ಹೆಸರು. ಅದರ ಕೆಳಗೆ ಎರಡನೆಯ ಡ್ರೈವರ್ ಹೆಸರು.

"ನಿಮ್ಮ ಹೆಸರು ಹಾಕ್ಲಾ ಅತ್ತೆ?"

"ಆಮೇಲ್ ಹಾಕಣ. ಲೋ, ಅಲ್ಲಿ ರೈಲಿದೆಯಂತೆ, ನ್ಯೂಯಾರ್ಕಿಂದ ಚಿಕಾಗೋಗೆ ನೇರ. ಕಿಟಕಿ ಪಕ್ಕ ಕೂತ್ರೆ ಆರಾಮ." ಎದ್ದು ಹೋಗಿ ಸ್ಟೌ ಒರೆಸಿದರು. ಬಂದು ಕೂತರು. "ಬಸ್ಸೂ ಇದೆಯಂತೆ." ಮತ್ತೆ ಎದ್ದು ಒರೆಸಿದ್ದನ್ನೇ ಒರೆಸಿದರು. ಮೇಜಿನ ಕೆಳಗೆ ಅವರ ಕಾಲು ಒಂದೇ ಸಮ ಒತ್ತುತ್ತಿತ್ತು. ಎದುರು ಯಾವ ಗಾಡಿಯೂ ಇರಲಿಲ್ಲ.

"ಅತ್ತೆ, ನೀವು ಕೊನೇ ಸಲ ಸ್ಟೇರಿಂಗ್ ಹಿಡಿದಿದ್ದು ಯಾವಾಗ?"

ನಾನು ಹಾಗೆ ಕೇಳಬಾರದಿತ್ತೋ ಏನೋ. ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು. ಬಿಚ್ಚಿದರು. ಮತ್ತೆ ಮಡಿಸಿದರು.

"ನಿಮ್ಮಾವ ಇದ್ದಾಗ," ಎಂದರು.

ಸ್ಕೂಲ್ ಶುರುಮಾಡಿದ್ದು ಮಾವ. ಅತ್ತೆ ಅವರ ಮೊದಲ ವಿದ್ಯಾರ್ಥಿನಿ. ಸ್ಕೂಲಿಗೆ ಆರು ವರ್ಷ ತುಂಬುವ ಮೊದಲೇ ಮಾವ ತೀರಿಕೊಂಡರು, ಹನ್ನೊಂದನೆಯ ದಿನಕ್ಕೇ ಅತ್ತೆ ಕ್ಲಾಸು ತೆಗೆದುಕೊಂಡರು. ಇದಿಷ್ಟು ನಮ್ಮ ಮನೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುವ ಕಥೆ. ಅದರ ಉಳಿದ ಭಾಗವನ್ನು ನಾನು ಕೇಳಿದ್ದು ಅವತ್ತೇ.

"ನಾನು ಬಲಗಡೆ ಕೂತ್ರೆ ಎಡಗಡೆ ಅವ್ರು ಇರ್ತಿದ್ರು. ಬ್ರೇಕ್ ನನ್ ಹತ್ರ ಇದೆ ಅನ್ನೋದು ಅವ್ರ ಮಾತೇ ಕಣೋ, ನಂದಲ್ಲ. ಅವ್ರು ಹೋದ್ಮೇಲೆ ಆ ಸೀಟಿಗೆ ನಾನು ಬಂದೆ. ನಾನು ಅಲ್ಲಿಗೆ ಬಂದ್ಮೇಲೆ ನನಗೆ ಅದನ್ನ ಹೇಳೋರು ಯಾರು? ಒಂದ್ಸಲ ಒಬ್ಳೇ ಕೂತು ಸ್ಟಾರ್ಟ್ ಮಾಡ್ದೆ. ಎಡಗಡೆ ಸೀಟು ಖಾಲಿ ಕಾಣಿಸ್ತು. ಆಫ್ ಮಾಡಿ ಇಳಿದುಬಿಟ್ಟೆ." ಬಟ್ಟೆಯನ್ನು ಮೇಜಿನ ಮೇಲಿಟ್ಟು, "ಅವರಿಬ್ಬರಿಗೆ ಹೇಳ್ಬೇಡ. ಜಯಮ್ಮ ಆಗಲೇ ಸೂಟ್‌ಕೇಸಿಗೆ ಬಟ್ಟೆ ಹಾಕಿದಾಳೆ" ಎಂದರು.

ನಾನು ಹೇಳಲಿಲ್ಲ. ಹೇಳಿದ್ದು ಅತ್ತೆಯೇ, ಮಾರನೆಯ ದಿನ, ತಾರಸಿಯಲ್ಲಿ, ಕಮಲದ ಪಕ್ಕ ನಿಂತು. ನೂರ್ ಟೀಚರ್ ಆಶ್ಚರ್ಯಪಡಲಿಲ್ಲ. "ಅರೇ ಮೇಡಮ್, ವಾರ ವಾರ ಬಂದು ಬ್ಯಾಟರಿ ಯಾಕ್ ನೋಡ್ತಿದ್ದೆ ಅಂದ್ಕೊಂಡ್ರಿ? ಭೂಗೋಳದ ಟೀಚರ್‌ಗೆ ಬ್ಯಾಟರಿ ಮೇಲೆ ಅಷ್ಟು ಪ್ರೀತಿನಾ?" ಜಯಮ್ಮನವರು ಒಂದು ಕ್ಷಣ ಯೋಚಿಸಿ, "ನಮ್ ಒಸಾ ಲೇಔಟ್ನಾಗೆ ರೋಡಿದಾವೆ, ಮನೆಗೋಳಿಲ್ಲ. ಬಾನ್ವಾರ ಗೇಟ್ ತೆಗಿಸ್ತೀನಿ. ಎಡಕ್ಕಾನ ಓಡ್ಸಿ, ಬಲಕ್ಕಾನ ಓಡ್ಸಿ, ಕೇಳೋರ್ ಯಾರು?" ಎಂದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ನಾವು ಕೋಗಿಲು ಆಚೆಯ ಆ ಲೇಔಟಿನಲ್ಲಿದ್ದೆವು. ಅಲ್ಲಿಯವರೆಗೆ ತಂದದ್ದು ನೂರ್ ಟೀಚರ್, ಇಪ್ಪತ್ತರ ವೇಗದಲ್ಲಿ. ದಾರಿಯಲ್ಲಿ ಒಂದು ಸೈಕಲ್ ನಮ್ಮನ್ನು ದಾಟಿಹೋಯಿತು. ಸಾಲು ಸಾಲು ಬೀದಿದೀಪ, ನಂಬರ್ ಕಲ್ಲು, ನಡುವೆ ಹುಲ್ಲು. ಜಯಮ್ಮನವರು ಎಂದಿನಂತೆ ನೆಲ ನೋಡುತ್ತಾ, "ಇಲ್ಲೀಗಂಟ ನಮ್ ದ್ರಾಕ್ಷಿ ಚಪ್ಪರ" ಎಂದು ಗಾಳಿಯಲ್ಲಿ ಒಂದು ಗೆರೆ ಎಳೆದು ತೋರಿಸಿದರು.

ಅತ್ತೆ ಬಲಗಡೆ ಕೂತರು. ಹಿಂದೆ ಇಬ್ಬರು ಗೆಳತಿಯರು, ಮಡಿಲಲ್ಲಿ ತಟ್ಟೆಗಳು. ಎಡಗಡೆ ನಾನು. ಜೀವನದಲ್ಲಿ ಮೊದಲ ಸಲ ನನ್ನ ಕಾಲ ಕೆಳಗೆ ಅತ್ತೆಯ ಬ್ರೇಕು. ಅತ್ತೆ ಕೀಲಿ ತಿರುಗಿಸಿದರು, ಎಂಜಿನ್ ಹೊತ್ತಿತು. ಕಾರು ಅಲ್ಲಾಡಲಿಲ್ಲ. ಅತ್ತೆ ಕ್ಲಚ್ ಒತ್ತಿದವರು ಒತ್ತಿದಂತೆಯೇ ಕೂತರು. ಆ ಮಾತನ್ನು ಹೇಳುವ ಯೋಗ್ಯತೆ ನನಗಿದೆಯೇ? ಆದರೂ ಹೇಳಿದೆ.

"ಓಡ್ಸಿ ಅತ್ತೆ. ಬ್ರೇಕ್ ನನ್ ಹತ್ರ ಇದೆ."

ಅತ್ತೆ ನನ್ನ ಕಡೆ ನೋಡಲಿಲ್ಲ. ಗೇರ್ ಹಾಕಿದರು. ಕಾರು ಒಂದು ಸಲ ಜಗ್ಗಿ, ಎರಡನೆಯ ಸಲ ಜಗ್ಗಿ, ಮೂರನೆಯದಕ್ಕೆ ನೀರಿನ ಮೇಲೆ ದೋಣಿ ಹೊರಟಂತೆ ಹೊರಟಿತು. ಒಂದು ಸುತ್ತು ಎಡಗಡೆ. ಒಂದು ಸುತ್ತು ಅಮೆರಿಕದಂತೆ ಬಲಗಡೆ. ನೂರ್ ಟೀಚರ್ ಊರು ಕೂಗಿದರು, "ಪಿಟ್ಸ್‌ಬರ್ಗ್ ಬಂತು! ಡೆಟ್ರಾಯಿಟ್ ಬಂತು!" ಐದನೆಯ ಸುತ್ತಿಗೆ ಅತ್ತೆ ಯಾರಿಗೂ ಹೇಳದೆ ಗೇಟಿನಿಂದ ಆಚೆ ತಿರುಗಿಸಿ ಹಳೆಯ ಊರಿನ ರಸ್ತೆಗೆ ಬಂದರು. ವೇಗ ನಲವತ್ತು. ಟೀಚರ್ ಕಣ್ಣು ಮುಚ್ಚಿಕೊಂಡರು.

ಆಗ ಎಡಗಡೆಯಿಂದ ಅಡ್ಡ ಬಂತು. ಟ್ಯಾಂಕರ್ ಎಂದು ಬರೆದರೆ ಕಥೆ ಕಟ್ಟುತ್ತಿದ್ದೇನೆ ಎನ್ನುತ್ತೀರಿ. ಅದಕ್ಕೇ ನಿಜವನ್ನೇ ಹೇಳುತ್ತೇನೆ, ಎಮ್ಮೆ. ಅದು ರಸ್ತೆಯ ನಟ್ಟನಡುವೆ ಬಂದು ನಿಂತುಬಿಟ್ಟಿತು. ನಿಲ್ಲುವುದೂ ಎಮ್ಮೆಗೆ ಬರುತ್ತದೆ ಎಂದು ನಮಗೆಲ್ಲ ಅವತ್ತೇ ಗೊತ್ತಾದದ್ದು! ನಾನು ಇದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ಒತ್ತಿದೆ. ಕಾರು ಒಂದು ಗೇಣು ಬಿಟ್ಟು ನಿಂತಿತು.

"ನೋಡಿದ್ರಾ ಅತ್ತೆ!" ನನ್ನ ಧ್ವನಿ ಏರಿತ್ತು. "ನಾನಿಲ್ದಿದ್ರೆ ಎಮ್ಮೆ ಬಾನೆಟ್ ಮೇಲಿರ್ತಿತ್ತು!"

"ಇನ್ನೊಂದ್ಸಲ ಒತ್ತು," ಎಂದರು ಅತ್ತೆ.

ಒತ್ತಿದೆ. ಪೆಡಲ್ ನೆಲದವರೆಗೆ ಹೋಗಿ ಅಲ್ಲೇ ಮಲಗಿತು. ಹಿಂದಿನಿಂದ ಏನೂ ಎಳೆಯುತ್ತಿರಲಿಲ್ಲ.

"ಬಿಳಿ ಪ್ಲೇಟ್ ಹಾಕ್ಸಿದಾಗ್ಲೇ ತಂತಿ ತೆಗೆಸಿದ್ದು. ಪೆಡಲ್ ಇರ್ಲಿ ಅಂತ ಬಿಟ್ಟೆ."

"ಗೊತ್ತಿದ್ದೂ ನನ್ನನ್ಯಾಕೆ ಇಲ್ಲಿ ಕೂರಿಸಿದ್ರಿ?"

"ಹೇಳೋಕೆ ಒಬ್ರು ಬೇಕಿತ್ತಲ್ಲೋ." ಅತ್ತೆ ಎಮ್ಮೆಯನ್ನೇ ನೋಡುತ್ತಿದ್ದರು. "ನೀನು ಕಲೀವಾಗ್ಲೂ ಅಷ್ಟೇ. ಒಂದು ಪಿನ್ ಎಳೆದ್ರೆ ತಂತಿ ಬಿಡುತ್ತೆ. ಎಂಟನೇ ಕ್ಲಾಸಿಂದ ಯಾರಿಗೂ ತಂತಿ ಇರ್ತಿರ್ಲಿಲ್ಲ. ನಿಮ್ಮಾವ ನಂಗೂ ಹಂಗೇ ಕಲ್ಸಿದ್ದು. ಮಾತು ಮಾತ್ರ ಇರ್ಬೇಕು, ಬ್ರೇಕ್ ಬೇಡ ಅಂತಿದ್ರು."

"ಎಂಟನೇ ಕ್ಲಾಸಿಂದನಾ? ಹಾಗಾದ್ರೆ ಆ ಟ್ಯಾಂಕರ್..."

"ಒಂಬತ್ತನೇ ಕ್ಲಾಸು ಅಂತ ನೀನೇ ಬರೆದಿಟ್ಟಿದೀಯಲ್ಲ. ಅವತ್ತು ಬ್ರೇಕ್ ಹಾಕಿದ್ದು ನೀನು. ನಾನು ಕಣ್ ಮುಚ್ಕೊಂಡಿದ್ದೆ."

ಹದಿನೆಂಟು ವರ್ಷ! ನಾನು ಬಗ್ಗಿ ನೆಲಕ್ಕಂಟಿದ ಪೆಡಲನ್ನೇ ನೋಡಿದೆ. ಹಿಂದಿನ ಸೀಟಿನಿಂದ ಜಯಮ್ಮನವರು ಮೆಲ್ಲಗೆ ಅಂದರು, "ಎಮ್ಮೆ ಓಯ್ತು ಮೇಡಮ್ಮೋರೆ."

ಅತ್ತೆ ಹೊರಡಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದರು. "ಇಳಿ."

"ಯಾಕತ್ತೆ?"

"ಆ ಫಾರಮ್ಮಲ್ಲಿ ಮೊದಲ್ನೇ ಖಾನೆಗೆ ನನ್ ಹೆಸರು ಹಾಕು. ಕೆಳಗೆ ಎರಡನೇದು ಇನ್ನೊಂದಿದೆ ನೋಡು. ನ್ಯೂಯಾರ್ಕಿಂದ ಚಿಕಾಗೋವರೆಗೂ ನನ್ ಮಂಡಿ ಒಂದೇ ತಡ್ಕೊಳುತ್ತಾ? ಲೈಸೆನ್ಸ್ ಇನ್ನೂ ಎರಡು ವರ್ಷ ಇದೆ ತಾನೇ? ಇಳಿದು ಈ ಕಡೆ ಬಾ."

ನಾನು ಬಲಗಡೆ ಕೂತೆ. ಎಷ್ಟು ಸಲ ನಿಂತೆ, ಎಷ್ಟು ಸಲ ಹಿಂದಿನವರು ಹಾರನ್ ಹೊಡೆದರು ಎಂದು ಇಲ್ಲಿ ಬರೆಯುವುದಿಲ್ಲ, ಡೈರಿಯಲ್ಲೂ ಬರೆದಿಲ್ಲ. ಯಲಹಂಕ ದಾಟಿತು. ದೊಡ್ಡ ರಸ್ತೆ ಬಂತು. ಭಾನುವಾರವಾದರೂ ದೂರದಲ್ಲಿ ಹೆಬ್ಬಾಳದ ಜಾಮು ಕಾಣಿಸಿತು. ನಾನೂ ಹೋಗಿ ಅದರ ಬಾಲಕ್ಕೆ ನಿಂತೆ, ಮುಂದಿನ ಕಾರಿಗೆ ಒಂದು ಗೇಣು ಬಿಟ್ಟು. ಹಿಂದೆ ಟೀಚರ್ ಮತ್ತು ಜಯಮ್ಮನವರು ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆಹೋಗಿದ್ದರು.

ಮುಂದಿನ ಕಾರು ಸರಿಯಿತು. ನನ್ನ ಕೈ ಗೇರಿನ ಮೇಲೆ ತಡವರಿಸಿತು.

"ಓಡ್ಸು," ಎಂದರು ಅತ್ತೆ, "ಬ್ರೇಕ್ ನನ್ ಹತ್ರ ಇದೆ."

ತಿರುಗಿ ನೋಡಿದೆ. ಚಪ್ಪಲಿ ಕೆಳಗೆ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಟ್ಟುಕೊಂಡು, ಅತ್ತೆ ಕಿಟಕಿಯಾಚೆ ಕೆರೆ ನೋಡುತ್ತಾ ಕೂತಿದ್ದರು.